ಸುಬೇದಾರ ಮಲಕಪ್ಪನ ಕಲ್ಲು

ನಗೂದಿದ್ರ ಈಗ ನಕ್ಕಬಿಡ್ರಿ. ನಡುವ ನಗಬ್ಯಾಡ್ರಿ. ಇದು ಮಂದಿ ಬಾಯಾಗ ಕೇಳಿದ್ದಲ್ಲ, ನಮ್ಮ ದೊಡ್ಡಪ್ಪನ ಮಗ ಕಾಶಿನಾಥಗ ಆಗಿದ್ದು.

ಕಾಶಿನಾಥ ಹೆದರೂ ಪೈಕಿ ಅಲ್ಲ. ಹದಿನೇಳು ವರ್ಷ ಮಿಲ್ಟ್ರಿಯೊಳಗಿದ್ದು ಹವಾಲ್ದಾರ ಆಗಿ ಬಂದಾವ. ಈಗ ನವಲಗುಂದದಾಗ ವಾಚಮನ್ ಕೆಲಸ. ಕಡೀ ಬಸ್ಸಿಗೆ ಬಂದು ಕ್ರಾಸಿನಾಗ ಇಳದು ನಮ್ಮೂರು ಶಲವಡಿಗೆ ನಡಕೋತ ಬರತಾನ. ಅವಗೊಂದು ಚಟ. ಸೆರೇದಲ್ಲ ಮತ್ತ! ಸುತ್ತಲ ಊರಾಗ ಸತ್ತುಹೋದ ಸೈನಿಕರ ಕಲ್ಲು ಎಲ್ಲೆಲ್ಲಿ ಅದಾವ, ಹುಡುಕಿ ಹುಡುಕಿ ಹೋಗತಾನ. ನಮ್ಮ ಎರಿ ಹೊಲ ಗೊತ್ತಲ್ಲ, ಕರೀ ಮಣ್ಣು, ಮಳಿಗಾಲದಾಗ ಉಬ್ಬತೈತಿ, ಬ್ಯಾಸಗ್ಯಾಗ ಬಾಯಿ ಬಿಡತೈತಿ. ನಟ್ಟ ಕಲ್ಲು ನೆಟ್ಟಗ ನಿಂದರೂದಿಲ್ಲ. ಅವನ್ನ ನೆಟ್ಟಗ ಮಾಡಿ, ಅಕ್ಷರಕ್ಕ ಕರೀ ಬಣ್ಣ ತುಂಬಿ, ತಪ್ಪಿದ್ರ ಉಳಿ ತಗೊಂಡು ತಿದ್ದಿ ಬರತಾನ. ಯಾಕೋ ಈ ಉಸಾಬರಿ ಅಂದ್ರ, "ಸತ್ತ ಮ್ಯಾಲೆ ಗುರ್ತು ಹಿಡಿಯಾಕ ಇರೂದು ಅದೊಂದ ಕಲ್ಲಲೇ" ಅಂತಾನ.

ಮಲಕಪ್ಪಜ್ಜ ಸಾಯೂತನಕ ಊರಿಗೆಲ್ಲಾ ಸುಬೇದಾರ. ನಮ್ಮೂರ ಮಂದಿ ಹಂಗ. ಮಿಲ್ಟ್ರಿಯಿಂದ ಬಂದಾವ ಯಾವನರ ಆಗ್ಲಿ, ಬಸ್ಸಿನ ಮ್ಯಾಲಿಂದ ಟ್ರಂಕ್ ಇಳಿಸೂದ ತಡ, ಸುಬೇದಾರ. ಅಲ್ಲಿ ಅಡಗಿ ಮಾಡಿ ಬಂದಾವನೂ ಸುಬೇದಾರನ. ಪ್ರೀತಿ ಅದು, ತಪ್ಪೇನಲ್ಲ. ಆದ್ರ ಆ ಪ್ರೀತಿ ಕಲ್ಲಿನ ಮ್ಯಾಲೂ ಏರಿತು. ಅಜ್ಜ ಸತ್ತಾಗ ಹೆಂಡತಿ ರೇವವ್ವ ಹಂಗ ಕೆತ್ತಿಸಿದ್ಲು... ಸುಬೇದಾರ ಮಲಕಪ್ಪ. ತಮ್ಮ ಹೊಲದಾಗ, ಬಾವಿ ಬಾಜೂಕ, ನಮ್ಮ ಪದ್ಧತಿ ಪ್ರಕಾರ ಕುಂದರಿಸಿ ಮಣ್ಣು ಮಾಡಿ, ಮ್ಯಾಲ ಆ ಕಲ್ಲು ನಟ್ರು.

ರೇವವ್ವ ದಿನಾ ಸಂಜೀಕ ಒಂದು ಮಗ್ ಚಾ ಒಯ್ದು ಕಲ್ಲಿನ ಮುಂದ ಇಡತಿದ್ಲು. ಆತ ಪಲಟಣದಿಂದ ತಂದಿದ್ದ ಮಗ್, ಬಿಳೇದು, ಅಂಚಿನಾಗ ಚಕ್ಕಿ ಎದ್ದಿತ್ತು. ಮುಂಜಾನೆ ನೋಡಿದ್ರ ಖಾಲಿ. "ನಾಯಿ ಕುಡಿತಾವ ಬಿಡ ಆಯಿ" ಅಂತಿದ್ರು ಮಂದಿ. ಆಕಿ ಮಗ್ ತೊಳಕೊಂಡು ಮನೀಗೆ ಬರತಿದ್ಲು.

ಹೋದ ವರ್ಷದ ಬ್ಯಾಸಗ್ಯಾಗ ಕಲ್ಲು ವಾಲಿತು. ರೇವವ್ವ ಕಾಶಿನಾಥನ್ನ ಕರಿಸಿದ್ಲು. ಅಜ್ಜನ ಮಿಲ್ಟ್ರಿ ನಂಬರೂ ಕೆತ್ತೂಣು ಅಂತ ಕಾಶಿನಾಥ ಡಿಸ್ಚಾರ್ಜ್ ಬುಕ್ ಇಸ್ಕೊಂಡು ತಗದು ನೋಡ್ಯಾನ... ಸಿಪಾಯಿ. ಹದಿನೈದು ವರ್ಷ, ಕಡೀತನಕ ಬರೇ ಸಿಪಾಯಿ. ಆಕಿ ಮಾರಿ ನೋಡಿದ. ಊರ ಮಂದಿ ಆಗಿನ್ನೂ ಆಕಿಗೆ ಸುಬೇದಾರವ್ವ ಅಂತಿದ್ರು. ಬುಕ್ ಮುಚ್ಚಿದ. ಯಾರ ಗಂಟು ಏನ್ ಹೋತು ಅಂದ್ಕೊಂಡ. ಊರ ಮಂದಿ ಕಲ್ಲೆಲ್ಲಾ ತಿದ್ದಾವ, ಇದೊಂದು ತಿದ್ದಲಿಲ್ಲ. ನೆಟ್ಟಗ ನಿಲ್ಲಿಸಿ ಬಣ್ಣ ತುಂಬಿ ಬಂದ.

ಮೂರು ದಿನಕ್ಕ ಮತ್ತ ವಾಲಿತು. ಬುಡಕ್ಕ ಸಿಮೆಂಟ್ ಹಾಕಿದ. ಸಿಮೆಂಟ್ ಸಮೇತ ವಾಲಿತು.

ಆವತ್ತು ಅಮಾಸಿ ಅಲ್ಲ, ಏನಲ್ಲ. ಸುಮ್ನ ಒಂದು ಮಂಗಳವಾರ. ಕಡೀ ಬಸ್ ಇಳದು ಒಬ್ಬಾವನ ಬರಾಕತ್ತಾನ. ದಾರಿ ಬಾಜೂಕಿನ ಮಲಕಪ್ಪಜ್ಜನ ಬಾವಿ ಹತ್ರ ಬಂದ. ಬಾವ್ಯಾಗ ಒಂದು ಕಪ್ಪಿ ಟುಳುಕ್ ಅಂದು ಮುಳುಗಿತು. ಆಮ್ಯಾಲೆ ಏನೂ ಇಲ್ಲ. ಗಾಳಿ ಸೈತ ನಿಂತಿತು...

ಖರ್ರ್... ಖರ್ರ್... ಖರ್ರ್...

ಬೂಟು. ಒಂದೆರಡಲ್ಲ, ಭಾಳ. ಎಲ್ಲಾ ಒಂದ ತಾಳ. ಹರಳಿನ ಮ್ಯಾಲ ನಡದ ಸಪ್ಪಳ ಅದು. ಅಲ್ಲಿ ಹರಳೆಲ್ಲಿ ಬರಬೇಕು? ಬರೇ ಎರಿ ಮಣ್ಣು. ಕಾಶಿನಾಥ ಬಾವಿ ಕಟ್ಟಿಗೆ ಬೆನ್ನ ಹಚ್ಚಿ ನಿಂತ. ಠಕ್! ಎಲ್ಲಾ ಬೂಟು ಒಮ್ಮೆಲೇ ನಿಂತ್ವು. ಕಣ್ಣಿಗೆ ಒಂದು ನರಪಿಳ್ಳಿನೂ ಕಾಣವಲ್ದು.

"ಸಿಪಾಯಿ ಮಲಕಪ್ಪ!"

ಹಾಜರಿ ಕೂಗೂ ದನಿ. ಹದಿನೇಳು ವರ್ಷ ಕೇಳಿದಾವಗ ಗುರ್ತು ಹತ್ತೂದಿಲ್ಲೇನು? ಯಾರೂ ಓ ಅನ್ನಲಿಲ್ಲ. ಮತ್ತೊಮ್ಮೆ ಕೂಗಿತು... ಉತ್ತರ ಇಲ್ಲ. ಆಗ ಒಂದು ಜೋಡಿ ಬೂಟು ಸಾಲು ಬಿಟ್ಟು ಕಲ್ಲಿನ ತನಕ ಬಂತು. ಕಲ್ಲಿನ ಮ್ಯಾಲ ಕೈ ಬಟ್ಟು ಆಡಿಸಿದ ಸಪ್ಪಳ... ಸರ್... ಸರ್... ಅಕ್ಷರ ಓದೂ ಹಂಗ.

"ಯೇ ಅಪ್ನಾ ನಹೀ."

ಇಂವ ನಮ್ಮಾವ ಅಲ್ಲ. ಅಷ್ಟ ಅಂದು ತಿರುಗಿತು. ಖರ್ರ್... ಖರ್ರ್... ಎಲ್ಲಾ ಹೊಂಟ್ವು. ಆ ಮಂದಿ ಯಾರು ಅಂತ ಬಿಡಿಸಿ ಹೇಳಬೇಕೇನು? ಅಜ್ಜನ ಪಲಟಣದಾವರು. ಜೀವ ಇದ್ದಾವರಲ್ಲ.

ಅವರು ದೂರ ಹೋದಂಗ ಕಲ್ಲಿನ ಬುಡದಾಗಿಂದ ಒಂದು ಸಣ್ಣ ದನಿ ಬಂತು.

"ಹಾಜರ್... ಹಾಜರ್ ಸಾಬ್..."

ಸಂತ್ಯಾಗ ಅವ್ವನ ಸೆರಗು ಕೈ ತಪ್ಪಿದ ಕೂಸು ಕರದಂಗಿತ್ತು ಅಂತ. ಇದನ್ನ ಹೇಳುವಾಗ ಕಾಶಿನಾಥನ ಕಣ್ಣಾಗ ನೀರು ನಾ ನೋಡೀನಿ.

"ಅಜ್ಜಾ...?" ಅಂದ ಪಿಸುಗುಡಕೋತ.

"ದಿನಾ ಬರತಾರೋ ಕಾಶಿ... ಕೂಗಿದಾಗ ನನ್ನ ಬಾಯಿ ಏಳೂದಿಲ್ಲ... ದಿನಾ ಕಲ್ಲು ಓದಿ... ಬಿಟ್ಟು ಹೋಗತಾರ."

ಮನೀಗೆ ಹೆಂಗ ಮುಟ್ಟಿದ್ನೋ ಅವಗ ನೆಪ್ಪಿಲ್ಲ. ಮುಂಜಾನೆದ್ದು ಸೀದಾ ರೇವವ್ವನ ಕಡೆ ಹೋದ. ಆಕಿ ಕಟ್ಟಿ ಮ್ಯಾಲ ಕುಂತು ಜ್ವಾಳ ಹಸನ ಮಾಡಾಕತ್ತಿದ್ಲು. ಎಲ್ಲಾ ಹೇಳಿದ. ಮೊರದಾಗ ಆಡೂ ಕೈ ನಿಂತಿತು.

"ಗೊತ್ತೋ ತಮ್ಮಾ."

"ಏನ್ ಗೊತ್ರಿ ಆಯಿ?"

"ಸಿಪಾಯಿ ಅನ್ನೂದೂ ಗೊತ್ತು. ಅವರು ಬರೂದೂ ಗೊತ್ತು. ನಾನೂ ಕೇಳೀನಿ."

"ಮತ್ಯಾಕ ಸುಮ್ಮನಿದ್ರಿ?"

ಆಕಿ ಜ್ವಾಳದಾಗಿನ ಒಂದು ಹರಳು ಆರಿಸಿ ಒಗದ್ಲು. ಆಮ್ಯಾಲೆ ಜ್ವಾಳ ನೋಡಕೋತ ಅಂದ್ಲು, "ಹದಿನೈದು ವರ್ಷ ಅವರ ಕಡೆ ಇದ್ರು. ವರ್ಷಕ್ಕ ಒಂದ್ ರಜಾ ಅಷ್ಟ ನನ್ನ ಕಡೆ. ಈಗರ ನನ್ನ ಬಾಜೂಕ ಇರ್ಲಿ ಅಂದೆ. ಸಂಜೀಕ ಚಾ ಒಯ್ದು ಕುಂತ್ರ ಎರಡ ಮಾತು ಆಡಿದಂಗ ಆಕ್ಕೈತಿ. ಮತ್ತ ಅವರ ಕೈಯಾಗ ಕೊಡ್ಲೇನೋ?"

ಕಾಶಿನಾಥ ಬಗ್ಗಿ ಒಂದ ಮಾತು ಅಂದ. "ಅಜ್ಜ ಅಳಾಕತ್ತಿದ್ರಿ ಆಯಿ."

ಸಂಜೀಕ ಆಕೀನ ಕಾಶಿನಾಥನ್ನ ಉಳಿ ಸಮೇತ ಕರಕೊಂಡು ಕಲ್ಲಿನ ಕಡೆ ಬಂದ್ಲು. ಒಂದು ಕೈಯಾಗ ಚಾದ ಮಗ್, ಒಂದು ಕೈಯಾಗ ಕಾಶಿನಾಥನ ಮೊಬೈಲ್ ಬ್ಯಾಟರಿ ಬೆಳಕು ಹಿಡದು ನಿಂತು, "ಹೊಡಿ" ಅಂದ್ಲು. ಟಣ್... ಟಣ್... ಟಣ್... ಆ ಅಕ್ಷರ ಹೋಗೂತನಕ ಆಕಿ ರೆಪ್ಪಿ ಬಡೀಲಿಲ್ಲ. ಸುಬೇದಾರ ಅಳಿಸಿ ಸಿಪಾಯಿ ಕೆತ್ತಿದ. ಒಂದು ಅಕ್ಷರದ ಜಾಗಾ ಖಾಲಿ ಉಳೀತು. ರೇವವ್ವ ಆ ಖಾಲಿ ಜಾಗಾದ ಮ್ಯಾಲ ಕೈ ಇಟ್ಟು ಹಂಗ ಕುಂತ್ಲು. ಕಾಶಿನಾಥನೂ ಕುಂತ. ಕತ್ತಲಾತು... ಕಡೀ ಬಸ್ಸಿನ ಹಾರ್ನ್ ಕೇಳಿಸಿ ನಿಂತಿತು...

ಖರ್ರ್... ಖರ್ರ್... ಠಕ್!

"ಸಿಪಾಯಿ ಮಲಕಪ್ಪ!"

ರೇವವ್ವ ಸೆರಗು ಹೊದ್ಕೊಂಡು ಎದ್ದು ನಿಂತ್ಲು. ರಜಾ ಮುಗಿಸಿ ಹೊಂಟಾಗ ಬಸ್ ಸ್ಟ್ಯಾಂಡಿನಾಗ ಹೆಂಗ ಅಂತಿದ್ಲೋ ಹಂಗ, ಸಾವಕಾಶ, ಕಲ್ಲಿಗೆ ಅಂದ್ಲು.

"ಹೋಗಿ ಬರ್ರಿ."

"ಹಾಜರ್ ಸಾಬ್!"

ಮುದುಕನ ದನಿ ಅಲ್ಲ. ಇಪ್ಪತ್ತು ವರ್ಷದ ಹುಡುಗನ ದನಿ. ಸಾಲಿನಾಗ ಒಂದು ಜೋಡಿ ಬೂಟು ಕೂಡಿತು. ತಾಳ ತಪ್ಪಲಿಲ್ಲ. ಖರ್ರ್... ಖರ್ರ್... ಹಳ್ಳದ ಕಡೆ ಹೋಗಿ ಕರಗಿತು.

ಈ ವರ್ಷ ಬ್ಯಾಸಗಿ ಎಷ್ಟು ಜೋರು, ನೀವ ನೋಡೀರಿ. ಕಲ್ಲಿನ ಎರಡೂ ಬಾಜೂ ನೆಲ ಗೇಣುದ್ದ ಬಿರದೈತಿ. ಕಲ್ಲು ಕೂದಲೆಳಿಯಷ್ಟೂ ವಾಲಿಲ್ಲ. ಊರಾಗ ಈಗ ಆಕಿಗೆ ಯಾರೂ ಸುಬೇದಾರವ್ವ ಅನ್ನೂದಿಲ್ಲ. ಅದಕ್ಕ ಆಕಿಗೆ ಬ್ಯಾಸರಿಲ್ಲ.

ಚಾ ಮಾತ್ರ ಬಿಟ್ಟಿಲ್ಲ. ದಿನಾ ಒಯ್ದು ಇಡತಾಳ. ಸುಳ್ಳಂತೀರಿ? ಮೊನ್ನೆ ಮುಂಜಾನೆ ನಾನ ಹೋಗಿದ್ದೆ. ಅದ ಬಿಳೇ ಮಗ್. ತುಂಬ ಹಂಗ ಐತಿ, ತಣ್ಣಗಾಗಿ, ಮ್ಯಾಲ ಕೆನಿ ಕಟ್ಟೈತಿ. ವರ್ಷ ಆತು, ಒಂದು ದಿನಾನೂ ಖಾಲಿ ಆಗಿಲ್ಲ.

ನಾಯಿ ಕುಡಿತಾವ ಅಂತಿದ್ರು ಮಂದಿ... ನಾಯಿ ಊರಾಗ ಈಗೂ ಅದಾವ.