ಮಸೂರದ ಮೇಲಿನ ಜಿಡ್ಡು

ಕಣ್ಣಿನ ಪೊರೆ ತೆಗೆದ ಮೇಲೆ ಒಳಗೆ ಕೂರಿಸುತ್ತಾರಲ್ಲ, ಆ ಪುಟ್ಟ ಮಸೂರಗಳನ್ನು ತಯಾರಿಸುವ ಶ್ರೀಮಂತನೊಬ್ಬ ಒಂದು ಊರಿನಲ್ಲಿದ್ದ. ಕೆಟ್ಟವನಲ್ಲ, ನೋಡಿ. ಬಡವರಿಗೆ ಉಚಿತವಾಗಿ ಮಸೂರ ಕೊಡುತ್ತಿದ್ದ. ತನ್ನ ಕಾರ್ಖಾನೆಯಲ್ಲಿ ಧೂಳಿನ ಕಣವೂ ಇಲ್ಲವೆಂಬ ಹೆಮ್ಮೆ ಅವನಿಗಿತ್ತು.

ಒಂದು ದಿನ ಆಸ್ಪತ್ರೆಯಿಂದ ಸುದ್ದಿ ಬಂತು. ಅವನ ಮಸೂರ ಹಾಕಿಸಿಕೊಂಡ ಏಳು ಜನರ ಕಣ್ಣುಗಳು ಕೆಂಪಾಗಿ ಊದಿಕೊಂಡಿದ್ದವು. ಉಳಿದಿದ್ದ ಮಸೂರಗಳನ್ನು ಬೆಳಕಿಗೆ ಹಿಡಿದು ನೋಡಿದ. ಸ್ವಚ್ಛ! ಭೂತಗನ್ನಡಿಯಲ್ಲಿ ನೋಡಿದ. ಸ್ವಚ್ಛ! ಆದರೂ ತಪ್ಪು ಎಲ್ಲೋ ಇರಲೇಬೇಕಲ್ಲ. ಆಗ ಮನುಷ್ಯ ಏನು ಮಾಡುತ್ತಾನೆ? ತನಗಿಂತ ಕೆಳಗೆ ಯಾರಿದ್ದಾರೆಂದು ಹುಡುಕುತ್ತಾನೆ. ಹನ್ನೊಂದು ವರ್ಷದಿಂದ ಮಸೂರ ತೊಳೆಯುತ್ತಿದ್ದ ಫಕೀರವ್ವ ಸಿಕ್ಕಳು.

“ನೀ ಸರಿಯಾಗಿ ತೊಳದಿಲ್ಲ.”

“ತೊಳದೀನ್ರೀ ಸಾವ್ಕಾರ್ರ. ದಿನಾ ಹೆಂಗ ತೊಳೀತಿದ್ನೋ ಹಂಗ ತೊಳದೀನಿ.”

“ನಾಳಿಂದ ಬರಬ್ಯಾಡ.”

ಅವಳು ಹೋದಳು. ಬೇರೆಯವರು ತೊಳೆದರು. ಆದರೂ ಧೈರ್ಯ ಸಾಲದೆ, ಫಕೀರವ್ವ ತೊಳೆದಿದ್ದ ಹಳೆಯ ಮಸೂರ, ಹೊಸದಾಗಿ ತೊಳೆದ ಮಸೂರ ಎರಡನ್ನೂ ಪ್ರಯೋಗಾಲಯಕ್ಕೆ ತಾನೇ ಒಯ್ದ. ಅಲ್ಲಿನ ಪರೀಕ್ಷಕಿ ಅವನ್ನು ಸ್ಪೆಕ್ಟ್ರೋಮೀಟರ್ ಎಂಬ ಯಂತ್ರದಲ್ಲಿಟ್ಟು, ಕಣ್ಣಿಗೆ ಕಾಣದ ಒಂದು ಬಗೆಯ ಬೆಳಕನ್ನು ಹಾಯಿಸಿದಳು. ಪ್ರತಿಯೊಂದು ವಸ್ತುವೂ ಆ ಬೆಳಕಿನಲ್ಲಿ ತನ್ನದೇ ಪಾಲನ್ನು ಹೀರಿಕೊಳ್ಳುತ್ತದಂತೆ. ಯಾವ ಪಾಲು ಹೋಯಿತೆಂದು ತಿಳಿದರೆ, ಮೇಲೆ ಕೂತಿರುವ ವಸ್ತು ಯಾವುದೆಂದೂ ತಿಳಿಯುತ್ತದೆ. ಪರದೆಯ ಮೇಲೆ ಗೆರೆಯೊಂದು ಏರಿತು, ಇಳಿಯಿತು.

“ಎರಡರ ಮ್ಯಾಲೂ ಒಂದ ಜಿಡ್ಡು ಐತ್ರಿ,” ಎಂದಳು ಪರೀಕ್ಷಕಿ. “ಸಿಲಿಕೋನ್ ಎಣ್ಣಿ. ಕೈ ಒಡೀಬಾರ್ದಂತ ಕ್ರೀಮು ಹಚ್ಕೋತಾರಲ್ರಿ, ಅದರಾಗ ಇರತೈತಿ. ತೊಳದ ಮ್ಯಾಲ ಯಾರೋ ಬರಿಗೈಲೆ ಮುಟ್ಟ್ಯಾರ.”

ಕಾರ್ಖಾನೆಯಲ್ಲಿ ಎಲ್ಲರಿಗೂ ಕೈಗವಸು ಕಡ್ಡಾಯ. ಒಬ್ಬನನ್ನು ಮಾತ್ರ ಕೇಳುವವರಿಲ್ಲ. ಪೆಟ್ಟಿಗೆಗೆ ಹಾಕುವ ಮುನ್ನ ಒಂದೊಂದೇ ಮಸೂರ ಎತ್ತಿ ನೋಡುತ್ತಿದ್ದವನು ಯಾರು? ಅವನೇ! ಚಳಿಗೆ ಒಡೆದ ಕೈಗೆ ಆ ತಿಂಗಳಿಂದ ಕ್ರೀಮು ಹಚ್ಚುತ್ತಿದ್ದವನು ಯಾರು? ಅವನೇ!

“ಯಾರು ಮುಟ್ಟಿದ್ದು ಅಂತ ಗೊತ್ತಾಗತೈತೇನು?” ಎಂದು ಮೆಲ್ಲಗೆ ಕೇಳಿದ.

“ಯಂತ್ರ ಜಿಡ್ಡಿನ ಹೆಸರು ಹೇಳತೈತ್ರಿ. ಮನಷ್ಯಾರ ಹೆಸರು ಹೇಳೂದಿಲ್ಲ.”

ಅಂದರೆ ಬಚಾವಾದ! ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಮೇಜಿನ ಕೆಳಗೆ ಕೈ ಮುದುಡಿಕೊಂಡ. ಆಮೇಲೆ ಎರಡೂ ಕೈ ತೆಗೆದು ಮೇಜಿನ ಮೇಲಿಟ್ಟ. “ನಾನ ಮುಟ್ಟೀನಿ, ತಂಗಿ. ಬರಕೋ.”

ಅಲ್ಲಿಂದ ನೇರವಾಗಿ ಫಕೀರವ್ವನ ಮನೆಗೆ ಹೋಗಿ ಕೈಮುಗಿದ. “ತಪ್ಪು ನಂದವ್ವಾ. ಕೆಲಸಕ್ಕ ಬಾ.”

ಅವಳು ಕೇಳಿದ್ದು ಬೇರೆ. “ಕಣ್ಣು ಊದಿದವ್ರು ಹೆಂಗದಾರ್ರಿ?”

“ಆರು ಮಂದಿಗೆ ಆರಾಮಾತು. ಒಬ್ಬಾಕಿಗೆ ಒಂದು ಕಣ್ಣು ಕಾಣವಲ್ದು.”

“ಹಂಗಾರ ಮೊದ್ಲ ಅಕಿ ಮನಿಗೆ ಹೋಗ್ರಿ. ನನ್ನ ಕಡೆ ಆಮ್ಯಾಲ ಬರ್ರಿ.”

ಅವನು ಹೋದ. ಆ ಕಣ್ಣಿನ ದೃಷ್ಟಿ ಮಾತ್ರ ಮರಳಲಿಲ್ಲ.

ಕೇಳಿದಿರಾ ತಾಯಂದಿರೇ, ಅಣ್ಣಂದಿರೇ? ಮನೆಯಲ್ಲಿ ಏನಾದರೂ ಕೆಟ್ಟಾಗ ನಮ್ಮ ಬೆರಳು ಯಾರ ಕಡೆ ಹೋಗುತ್ತದೆ? ಸೊಸೆಯ ಕಡೆ, ಕೆಲಸದವಳ ಕಡೆ, ತಿರುಗಿ ಮಾತಾಡದವರ ಕಡೆ. ನಿಯಮ ಮಾಡುವವರು ನಾವು, ಪಾಲಿಸುವವರು ಅವರು. ಎಷ್ಟು ದಿನ ಹೀಗೆ? ನೋಡಿ, ನಿಮ್ಮಿಂದ ನೊಂದವರು ಒಬ್ಬರಾದರೂ ಇದ್ದೇ ಇರುತ್ತಾರೆ. ಸಾಕ್ಷಿ ಇರಲಿ, ಇಲ್ಲದಿರಲಿ, ಅವರ ಎದುರು ನಿಂತು “ಅದು ನನ್ನಿಂದ ಆದದ್ದು” ಎಂದು ಹೇಳಿ. ಕ್ಷಮಿಸುವುದು ಅವರಿಗೆ ಬಿಟ್ಟದ್ದು. ಹೇಳುವುದು ನಿಮ್ಮ ಪಾಲಿನದು. ನಾಳೆ ಅಲ್ಲ, ಇವತ್ತು. ಊಟಕ್ಕೆ ಕೂರುವ ಮುನ್ನ ಹೇಳಿ.