ಫರಸಿ ಮುಳಗೇತಿ

ಮತ್ತ ಅದನ್ನ ಅಂತೀ, "ಮ್ಯಾಪ್ ಹೈ ನಾ, ಅಜ್ಜಿ" ಅಂತ. ಇರಲಿ ಬಿಡವಾ. ಈ ಮಳಿಯಾಗ ಗೆಳತ್ಯಾರ ಜೋಡಿ ಮುರಬಾಡ ಕಡೆ ಜಲಪಾತ ನೋಡಾಕ ಹೊಂಟೀ, ಬ್ಯಾಡ ಅನ್ನಾಕೂ ನನಗ ತ್ರಾಣ ಇಲ್ಲ. ಬ್ಯಾಗ ಕೆಳಗಿಟ್ಟು ಇಲ್ಲೇ ಗ್ಯಾಲರಿಯಾಗ ಒಂದೀಟು ಕುಂದರು. ಹಿಂದ ಇಂಥಾದ್ದೇ ಮಳಿಯಾಗ ಆದದ್ದೊಂದು ಹೇಳತೇನಿ. ನಿಮ್ಮಪ್ಪ ಆಗ ಅಂಬೆಗಾಲು ಇಡತಿದ್ದ... ಅಲ್ಲ, ನಡಿಯಾಕ ಹತ್ತಿದ್ದ. ನಿಮ್ಮಜ್ಜ ಕಳಂಬೋಲಿ ಕಬ್ಬಿಣದ ಮಾರ್ಕೆಟ್ಟಿನ್ಯಾಗ ಕಾರಕೂನ. ಅವರ ಜೋಡಿ ಕೆಲಸಾ ಮಾಡಾಂವನ ಕೂಸಿಗೆ ಹೆಸರಿಡೂದಿತ್ತು, ಮುರಬಾಡದ ಆಚೆ ಹಳ್ಳಿ. ಡೊಂಬಿವ್ಲಿಯಿಂದ ಸ್ಕೂಟರ್ ಮ್ಯಾಲೆ ಹೊಂಟ್ವಿ, ನಡುವ ನಿಮ್ಮಪ್ಪ. ಹಾದ್ಯಾಗ ಒಂದು ಹಳ್ಳ ತುಂಬಿ ಹರೀತಿತ್ತು. ಅದರ ಈಕಡೆ ಗದ್ದಿಯಾಗ ಭತ್ತ ನಾಟಿ ಮಾಡತಿದ್ದ ಹೆಣ್ಮಗಳೊಬ್ಬಾಕಿ ಕೈ ಎತ್ತಿ ಒದರಿದ್ಲು, "ಫರಶೀ ಬುಡಾಲಿ! ಫರಶೀ ಬುಡಾಲಿ!" ಬುಡಾಲಿ ಅಂದ್ರ ಮುಳಗೇತಿ, ಅಷ್ಟು ಮರಾಠಿ ನಮಗೂ ಬರತಿತ್ತು. ಆದ್ರ ನಮ್ಮ ಗದಗ ಕಡೆ ಫರಸಿ ಅಂದ್ರ ಏನು ಹೇಳು? ಮನ್ಯಾಗ ನೆಲಕ್ಕ ಹಾಸೂ ಕಲ್ಲು! ನಿಮ್ಮಜ್ಜ ನಕ್ಕು, "ಪಾಪ, ಅಕಿ ಮನ್ಯಾಗ ನೀರು ಹೊಕ್ಕೈತಿ, ನಾವೇನು ಒರಸಾಕ ಹೋಗೂದನ?" ಅಂದ್ರು. ನಾನೂ ನಕ್ಕೆ.

ನೀರಿನ ಅಂಚಿಗೆ ಗಾಡಿ ನಿಂದರತಿದ್ದಂಗ ಅಕಿ ಓಡಿ ಬಂದು, ಕೆಸರುಗೈಲೆ ನಿಮ್ಮಪ್ಪನ್ನ ಎತ್ತಿಕೊಂಡಳು. "ಉತರಾ, ಉತರಾ!" ಇಳೀರಿ ಅಂತ. ಕೂಸಿನ ಕಸಗೊಂತಾಳಂತ ನಾ ಇಳದು ಜಗಳಕ್ಕ ನಿಂತೆ. "ನೀವು ಜಗಳಾಡ್ರಿ, ನೀರು ಪಾದದ ಮಟ ಐತಿ, ನಾ ಆಚೆ ನೋಡಿ ಬರ್ತೇನಿ" ಅಂತ ಇವರು ಹೊಂಟೇಬಿಟ್ರು. ರಾಡಿ ನೀರು, ಅಂಚು ಯಾವುದು, ಹಳ್ಳ ಯಾವುದು, ಏನೂ ಕಾಣಂಗಿಲ್ಲ. ನಡುವ ಹೋದ ಕೂಡಲೆ ಗಾಲಿ ಕೆಳಗ ಇಳೀತು. ಸ್ಕೂಟರ್ ಹೋತು, ಇವರೂ ಹೋದ್ರು. ನಾ ಒದರಿದ್ದು ನನಗ ಕೇಳಲಿಲ್ಲ ನೋಡು. ಮುಂದ ಗಿಡದ ಬೇರಿಗೆ ತಡದಿದ್ರು, ಗದ್ದಿಯವರು ಹಗ್ಗಾ ಬಿಟ್ಟು ಎಳದ್ರು. ಉಳದ್ರು, ಮೊಣಕಾಲು ಮಾತ್ರ ಹೋತು. ಆವಾಗ ಅಕಿ ನೀರು ತೋರಿಸಿ, "ಹೀ ಫರಶೀ, ತಾಯೀ" ಅಂದ್ಲು. ಈ ಕಡೆ ಹಳ್ಳದ ಮ್ಯಾಲಿನ ಗಿಡ್ಡ ಸೇತುವಿಗೇ ಫರಸಿ ಅಂತಾರಂತ! ಅಕಿ ಕಾಲಿಗೆ ಬಿದ್ದೆ, ಮತ್ತೇನು ಮಾಡಲಿ.

ಆವತ್ತಿನಿಂದ ಅವರನ್ನ ಹಿಡಕೊಂಡು ಡೊಂಬಿವ್ಲಿ ಸ್ಟೇಶನ್ ಬ್ರಿಡ್ಜ್ ಹತ್ತಿಸಿ, ಇಳಿಸಿ, ಹತ್ತಿಸಿ, ನನ್ನ ಭುಜ ಸೋತು ಹೋದ್ವು. ಒಳಗ ಕುಂತಾರಲ್ಲ, ಕೇಳು, ಇವತ್ತಿಗೂ "ಬ್ರೇಕ್ ಹತ್ತಲಿಲ್ಲ" ಅಂತಾರ. ಸಾಕಾಗೇತಿ ನನಗ. ಹೋಗವಾ, ಹೋಗು. ಊರವರು ಏನರೆ ಒದರಿದ್ರ ತಿಳದಾರಂಗ ನಗಬ್ಯಾಡ. ಗಾಡಿ ಇಳದು, ಅಂದ್ರ ಏನು ಅಂತ ಕೇಳು. ಕೇಳಾಕ ನಾಚಿಕಿ ಬಂತಂದ್ರ, ನಿಮ್ಮಜ್ಜನ ಮೊಣಕಾಲು ನೆನಸ್ಕೊ.