ಮುಂದಿನ ಸ್ಟೇಷನ್ನಿನ ಗಡಿಯಾರದ ಕೆಳಗೆ

ನನ್ನ ಹೆಸರು ಕುಬೇರಪ್ಪ ಶಿದ್ದಪ್ಪ ಅರಳಿಕಟ್ಟಿ, ವಯಸ್ಸು 27, ಉದ್ಯೋಗ ಹತ್ತಿ ಗಿರಣಿಯಲ್ಲಿ ಮೇಲ್ವಿಚಾರಕ, ವಾಸ ಧಾರವಾಡ. ನನ್ನ ಹೆಂಡತಿ ರತ್ನವ್ವ, ವಯಸ್ಸು 22, ನಿನ್ನೆ ಉಣಕಲ್ಲು ಸ್ಟೇಷನ್ನಿನಲ್ಲಿ ರೈಲಿಗೆ ಸಿಕ್ಕು ತೀರಿಕೊಂಡ ಬಗ್ಗೆ ಪೊಲೀಸ್ ಫೌಜದಾರರಾದ ತಾವು ಕೇಳಿದ್ದಕ್ಕೆ ತಿಳಿಸುವುದೇನೆಂದರೆ:

1936ರ ಸೆಪ್ಟೆಂಬರಿನಿಂದ 1938ರ ಜುಲೈವರೆಗೆ ನಾವಿಬ್ಬರೂ ಇಂಗ್ಲೆಂಡಿನ ಲೀಡ್ಸ್ ಊರಿನಲ್ಲಿದ್ದೆವು. ನಾನು ನೂಲಿನ ವಿದ್ಯೆ ಕಲಿಯುತ್ತಿದ್ದೆ, ಆಕೆ ಸಣ್ಣ ಮಕ್ಕಳಿಗೆ ಕಲಿಸುವ ತರಬೇತಿ ಪಡೆಯುತ್ತಿದ್ದಳು. ಬಾಡಿಗೆಗೆ ಒಂದೇ ಕೋಣೆ. ಜೋಳ ಸಿಗದ ಕಾರಣ ಓಟ್ಸ್ ಹಿಟ್ಟಿನಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಆ ಸಪ್ಪಳಕ್ಕೆ ಮನೆಯೊಡತಿ, ಯಾರೋ ಬಾಗಿಲು ಬಡಿಯುತ್ತಿದ್ದಾರೆಂದು ತಿಳಿದು ಎರಡು ಸಲ ಮಹಡಿ ಹತ್ತಿ ಬಂದಿದ್ದಳು. ರವಿವಾರ ಅದೇ ರೊಟ್ಟಿ, ಊರಿಂದ ಬಂದ ಶೇಂಗಾ ಚಟ್ನಿ ಕಟ್ಟಿಕೊಂಡು ಸುತ್ತಲಿನ ಊರುಗಳಿಗೆ, ಒಮ್ಮೆ ಸಮುದ್ರ ದಂಡೆಗೆ, ರೈಲಿನಲ್ಲಿ ಹೋಗಿ ಸಂಜೆಗೆ ತಿರುಗಿ ಬರುತ್ತಿದ್ದೆವು. ಅಲ್ಲಿ ನಮ್ಮ ಮಾತು ತಿಳಿಯುವವರು ಯಾರೂ ಇಲ್ಲವೆಂದು ಆಕೆ ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದಳು. ಮುಂಬಯಿಯಲ್ಲಿ ಹಡಗು ಇಳಿದ ಮೇಲೆ ಕರೆದಿರಲಿಲ್ಲ. ನಾವು ಸುಖವಾಗಿದ್ದೆವು. ಮನೆಯಲ್ಲಿ ಜಗಳವಿತ್ತೇ ಎಂದು ತಾವು ಕೇಳಿದಿರಿ. ಇರಲಿಲ್ಲ.

ಅಂಥ ಒಂದು ರವಿವಾರ ನಾನು ಇಂಜಿನ್ ನೋಡಲು ನಡುವಿನ ಒಂದು ಸ್ಟೇಷನ್ನಿನಲ್ಲಿ ಇಳಿದಾಗ ಗಾಡಿ ಬಿಟ್ಟಿತು. ಆಕೆ ಮುಂದಿನ ಸ್ಟೇಷನ್ನಿನಲ್ಲಿಳಿದು ಗಡಿಯಾರದ ಕೆಳಗಿನ ಕಟ್ಟಿಗೆಯ ಬಾಕಿನ ಮೇಲೆ ಕೂತಿದ್ದಳು. ಒಂದು ತಾಸಿನ ಮೇಲೆ ಮುಂದಿನ ಗಾಡಿಗೆ ನಾನು ಹೋದೆ. ಬಹಳ ನಕ್ಕಳು. ಅಂದಿನಿಂದ ನಮ್ಮಲ್ಲಿ ಮಾತಾಯಿತು: ಯಾರೇ ಹಿಂದುಳಿಯಲಿ, ಇನ್ನೊಬ್ಬರು ಮೊದಲನೇ ಸ್ಟೇಷನ್ನಿನಲ್ಲಿಳಿದು ಗಡಿಯಾರದ ಕೆಳಗೆ ಕೂಡ್ರಬೇಕು, ಹಿಂದುಳಿದವರು ಮುಂದಿನ ಗಾಡಿಗೆ ಬರಬೇಕು. ಇದಕ್ಕೆ ಗುರುತು ಒಂದು ಬೆರಳು ಎತ್ತುವುದು.

ನಿನ್ನೆ ರವಿವಾರ ಮುಂಜಾನೆ ಧಾರವಾಡದಿಂದ ಅಣ್ಣಿಗೇರಿಯ ಹಳೆಯ ಗುಡಿ ನೋಡಲು ಹೋಗಿದ್ದೆವು. ತಿರುಗಿ ಬರುವಾಗ ಹುಬ್ಬಳ್ಳಿಯಲ್ಲಿ ಗಾಡಿ ಬದಲಿಸಿದೆವು. ಲೀಡ್ಸಿನಲ್ಲಿ ಒಂದೇ ಬಾಕಿನ ಮೇಲೆ ಕೂಡ್ರುತ್ತಿದ್ದೆವು. ಇಲ್ಲಿ ಕಂಡವರು ಏನಾದರೂ ಅಂದಾರೆಂದು ನಾನೇ ಆಕೆಯನ್ನು ಹೆಂಗಸರ ಡಬ್ಬಿಯಲ್ಲಿ ಕೂಡ್ರಿಸಿದೆ. ಆಗ 2 ಗಂಟೆ 10 ನಿಮಿಷ. ಪ್ಲಾಟ್‌ಫಾರ್ಮಿನ ಮೇಲೆ ನನ್ನ ಕಾಕಾ, ಹತ್ತಿ ವ್ಯಾಪಾರಿ ಮಡಿವಾಳಪ್ಪ, ಭೇಟಿಯಾದರು. ಹಿರಿಯರ ಮಾತನ್ನು ನಡುವೆ ಕಡಿಯಲಾಗಲಿಲ್ಲ. 2 ಗಂಟೆ 25ಕ್ಕೆ ಗಾಡಿ ಹೊರಟಿತು. ಆಕೆ ಕಿಟಕಿಯಿಂದ ಕೈ ಹೊರಗೆ ಚಾಚಿ ಒಂದು ಬೆರಳು ಎತ್ತಿದಳು. ನಾನು ಕೈ ಬೀಸಿದೆ.

ಗುರುತು ನನಗೆ ನೆನಪಾಗಲಿಲ್ಲ. ಹೆಂಡತಿ ಒಬ್ಬಳೇ ಹೋದಳೆಂದು ಕಾಕಾರಿಗೆ ಹೇಳಿದೆ. ಅವರು, “ಮನಿಗೆ ಹೋಗತಾಳ ಬಿಡಪ್ಪಾ, ಇದೇನು ಪರದೇಶೇನು” ಎಂದರು. ನನಗೂ ಖರೇ ಅನಿಸಿತು. ಅವರ ಅಂಗಡಿಯಲ್ಲಿ ಚಹಾ ಕುಡಿದು 3 ಗಂಟೆ 15ರ ಮೋಟಾರು ಹಿಡಿದು 4 ಗಂಟೆ 20ಕ್ಕೆ ಧಾರವಾಡದ ಮನೆ ಮುಟ್ಟಿದೆ. ಬೀಗ ಹಾಗೇ ಇತ್ತು. ನೆರೆಮನೆಯ ಬಾಳವ್ವನ ಹತ್ತಿರ ಹೋಗಿರಬೇಕೆಂದುಕೊಂಡೆ. ನನ್ನ ಬಳಿಯಿದ್ದ ಕೀಲಿಯಿಂದ ತೆರೆದು, ಬೂಟು ಬಿಚ್ಚಿ ಅಡ್ಡಾದೆ. ಲೀಡ್ಸಿನಿಂದ ತಂದ ಗೋಡೆಯ ಗಡಿಯಾರ ಐದು ಹೊಡೆಯಿತು. ಆಗ ನೆನಪಾಯಿತು. ಬಾಡಿಗೆ ಮೋಟಾರು ಮಾಡಿಕೊಂಡು 5 ಗಂಟೆ 50ಕ್ಕೆ ಹುಬ್ಬಳ್ಳಿ ಬಿಟ್ಟ ಮೇಲಿನ ಮೊದಲನೇ ಸ್ಟೇಷನ್ನಾದ ಉಣಕಲ್ಲಿಗೆ ಬಂದೆ. ಜೀವ ಹೋಗಿತ್ತು.

ನಡೆದದ್ದನ್ನು ಸ್ಟೇಷನ್ ಹಮಾಲ ದಸ್ತಗೀರಸಾಬ ನನಗೆ ಹೇಳಿದ. ಆಕೆ ಎರಡು ತಾಸಿಗೂ ಮಿಕ್ಕಿ ಗಡಿಯಾರದ ಕೆಳಗೆ ಕೂತಿದ್ದಳಂತೆ. ಬಿಸಿಲು ಬಹಳವೆಂದು ಆತ ನೀರು ಕೊಟ್ಟು, ಟಾಂಗಾ ತರಿಸಲೇ ಎಂದು ಕೇಳಿದನಂತೆ. ಅದಕ್ಕೆ ಆಕೆ, “ಬ್ಯಾಡ್ರಿ ಕಾಕಾ. ಅವರು ಈಗಿನ ಗಾಡಿಗೆ ಬರ್ತಾರ. ನಾ ಇಲ್ಲಿಂದ ಎದ್ದು ಹೋದ್ರ ಅವರು ಹುಡುಕ್ತಾರ್ರಿ” ಎಂದಳಂತೆ. 4 ಗಂಟೆ 50ಕ್ಕೆ ಗಾಡಿ ಬಂದು ಒಂದು ನಿಮಿಷ ನಿಂತಿತು. ಆಕೆ ಒಂದೊಂದೇ ಡಬ್ಬಿ ನೋಡುತ್ತ ನಡೆದಳು. ತಾನೂ ಕೂಗುತ್ತೇನೆ, ಯಜಮಾನರ ಹೆಸರೇನೆಂದು ಆತ ಕೇಳಿದ. ಆಕೆ ಹೇಳಲಿಲ್ಲ. ಗಾಡಿ ಅಲುಗಾಡಿದಾಗ ಜೊತೆಗೇ ಓಡಿದಳು, ಕುಬೇರಪ್ಪ ಎಂದು ತಾನೇ ಎರಡು ಸಲ ಕೂಗಿದಳು. ಮೂವತ್ತು ಹೆಜ್ಜೆಯ ಮೇಲೆ ಪ್ಲಾಟ್‌ಫಾರ್ಮು ಮುಗಿಯುತ್ತದೆ. ಆಕೆಯ ಕಣ್ಣು ಕಿಟಕಿಗಳ ಮೇಲಿತ್ತು.

ಗಾಡಿಯಲ್ಲಿದ್ದ ಕೆಲವರು ಆಕೆ ತಾನಾಗಿ ಬಿದ್ದಳೆಂದು ಹೇಳಿದ್ದಾರೆ. ಅದು ಸುಳ್ಳು. ಹೆಣ್ಣುಮಗಳು ಒಬ್ಬಳೇ ಇಳಿದು ಕಾದದ್ದು ಮನೆತನಕ್ಕೆ ಒಳ್ಳೆಯ ಹೆಸರಲ್ಲ, ಗಾಬರಿಯಾಗಿ ತಪ್ಪಿ ಇಳಿದಳೆಂದು ಬರೆಸು ಎಂದು ಕಾಕಾ ನನಗೆ ಹೇಳಿದರು. ನಾನು ಹಾಗೆ ಬರೆಸುವುದಿಲ್ಲ. ಆಕೆ ಗಾಬರಿಯಾಗಿರಲಿಲ್ಲ. ತಪ್ಪಿಯೂ ಇಳಿದಿರಲಿಲ್ಲ. ಎಲ್ಲಿರಬೇಕಾಗಿತ್ತೋ ಅಲ್ಲಿಯೇ ಇದ್ದಳು. ಅಲ್ಲಿ ಇಲ್ಲದವನು ನಾನು.

ಬಾಕಿನ ಮೇಲೆ ಸಿಕ್ಕ ಅರಿವೆಯ ಗಂಟನ್ನು ತಾವು ತೋರಿಸಿದಿರಿ. ಗುರುತಿಸಿದ್ದೇನೆ, ಅದು ನಮ್ಮದು. ಒಳಗಿನ ಎರಡು ಜೋಳದ ರೊಟ್ಟಿ ನನ್ನ ಪಾಲಿನವು.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ. ತೆಗೆಯುವುದು ಏನೂ ಇಲ್ಲ.

ಹುಬ್ಬಳ್ಳಿ, ತಾ. 15-5-1939
(ಸಹಿ) ಕುಬೇರಪ್ಪ ಶಿದ್ದಪ್ಪ ಅರಳಿಕಟ್ಟಿ